ಶಾಲೆಯ ಎಸ್‌ಟಿಪಿ ನೀರನ್ನು ಹಳ್ಳಕ್ಕೆ ಬಿಡುವ ಮುಂಚೆ

"ಮೇಷ್ಟ್ರೇ, ನಿಮ್ಮ ರಿಪೋರ್ಟು ಪಾಸಾಗಿದೆಯಂತೆ. ಹಾಗಾದ್ರೆ ಹಳ್ಳ ಯಾಕೆ ಹೀಗಾಗಿದೆ, ಒಮ್ಮೆ ಬಂದು ನೋಡಿ."

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕೆಳಗಿನ ಅಡಿಕೆ ತೋಟದ ಹಿರಿಯರೊಬ್ಬರು ಶಾಲೆಯ ಗೇಟಿನ ಹತ್ತಿರ ನಿಂತು ಹೇಳಿದ ಮಾತು ಇದು. ಅದು ಮಲೆನಾಡಿನ ಒಂದು ವಸತಿ ಶಾಲೆ. ನಾನು ಅಲ್ಲಿ ವಿಜ್ಞಾನದ ಮೇಷ್ಟ್ರು. ವಿಜ್ಞಾನ ಗೊತ್ತಿದೆ ಅಂದಮೇಲೆ ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡುವ ಘಟಕದ) ಉಸ್ತುವಾರಿಯೂ ನನ್ನ ತಲೆಗೇ ಬಿದ್ದಿತ್ತು. ಲ್ಯಾಬಿನ ರಿಪೋರ್ಟನ್ನು ಜೇಬಲ್ಲಿ ಇಟ್ಟುಕೊಂಡೇ ಅವರ ಹಿಂದೆ ಹೋದೆ. ಹಳ್ಳದ ಕಲ್ಲುಗಳ ಮೇಲೆಲ್ಲ ಬೂದು ಬಣ್ಣದ ಲೋಳೆ ಕಟ್ಟಿತ್ತು. ತೋಟದವರು ಬೇಸಿಗೆಗೆಂದು ಹಾಕಿದ ಕಟ್ಟದ ಹಿಂದೆ ನೀರು ಕಪ್ಪಗೆ ನಿಂತಿತ್ತು. ವಾಸನೆ ಬೇರೆ. ಜೇಬಿನಲ್ಲಿದ್ದ ಕಾಗದವನ್ನು ಹೊರಗೆ ತೆಗೆಯುವ ಧೈರ್ಯ ಆಗಲಿಲ್ಲ.

ರಿಪೋರ್ಟ್ ಸುಳ್ಳಾಗಿರಲಿಲ್ಲ. ನಾವು ಪೈಪಿನ ಬಾಯಲ್ಲಿ ನೀರು ಹೇಗಿದೆ ಅಂತ ಮಾತ್ರ ನೋಡಿದ್ದೆವು. ಹಳ್ಳದಲ್ಲಿ ಎಷ್ಟು ನೀರಿದೆ ಅಂತ ಯಾರೂ ಅಳೆದಿರಲಿಲ್ಲ. ಆಮೇಲೆ ಎರಡು ವರ್ಷ ತಪ್ಪು ಮಾಡಿ, ತಿದ್ದಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಶಾಲೆಯ ಪಕ್ಕದಲ್ಲೂ ಒಂದು ಸಣ್ಣ ಹಳ್ಳ ಇದ್ದರೆ, ಎಸ್‌ಟಿಪಿ ನೀರು ಅದಕ್ಕೇ ಹೋಗುತ್ತಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ಹಳ್ಳವನ್ನು ಅಳೆಯಿರಿ

ಎಸ್‌ಟಿಪಿ ಕಂಪನಿಯವರು, ಎಂಜಿನಿಯರುಗಳು ಎಲ್ಲರೂ ಮಕ್ಕಳ ಸಂಖ್ಯೆಯಿಂದ ಲೆಕ್ಕ ಶುರು ಮಾಡುತ್ತಾರೆ. ನೀವು ಹಳ್ಳದಿಂದ ಶುರು ಮಾಡಿ. ಅದೂ ಮಳೆಗಾಲದ ಹಳ್ಳ ಅಲ್ಲ, ಫೆಬ್ರವರಿ ಕೊನೆಯಿಂದ ಮೇ ತನಕದ ಹಳ್ಳ. ಜುಲೈನಲ್ಲಿ ಅಬ್ಬರಿಸಿ ಹರಿಯುವ ಹಳ್ಳವನ್ನು ನೋಡಿ "ಇಷ್ಟು ನೀರಿದೆ, ಏನಾಗುತ್ತೆ ಬಿಡಿ" ಎಂದವರೇ ಜಾಸ್ತಿ.

ಬೇಸಿಗೆಯ ಸಣ್ಣ ಹರಿವಿಗೆ ಬಕೆಟ್ಟೇ ಒಳ್ಳೆಯ ಅಳತೆ. ಕಲ್ಲು, ಮಣ್ಣು ಅಡ್ಡ ಇಟ್ಟು ನೀರನ್ನೆಲ್ಲ ಒಂದು ಪಿವಿಸಿ ಪೈಪಿನ ತುಂಡಿನ ಮೂಲಕ ಬರುವ ಹಾಗೆ ಮಾಡಿ. ಕೆಳಗೆ 20 ಲೀಟರ್ ಬಕೆಟ್ ಹಿಡಿಯಿರಿ. 10 ಸೆಕೆಂಡಿಗೆ ತುಂಬಿದರೆ ಹರಿವು ಸೆಕೆಂಡಿಗೆ 2 ಲೀಟರ್. ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ನೀರು ಜಾಸ್ತಿ ಇದ್ದರೆ ತೇಲು ಬಿಡುವ ವಿಧಾನ ಇದೆ. ನೇರವಾಗಿ ಹರಿಯುವ 5 ಮೀಟರ್ ಜಾಗ ಹುಡುಕಿ. ಅಗಲ, ಆಳ ಅಳೆಯಿರಿ. ಒಂದು ಕಿತ್ತಳೆ ಹಣ್ಣನ್ನೋ ಒಣ ಕಡ್ಡಿಯನ್ನೋ ತೇಲಿಬಿಟ್ಟು ಎಷ್ಟು ಹೊತ್ತಿಗೆ ದಾಟುತ್ತದೆ ನೋಡಿ. ಅಗಲ, ಆಳ, ವೇಗ ಮೂರನ್ನೂ ಗುಣಿಸಿ, ಬಂದದ್ದನ್ನು 0.85ರಿಂದ ಗುಣಿಸಿ. ಮೇಲಿನ ನೀರು ಅಡಿಯ ನೀರಿಗಿಂತ ಬೇಗ ಓಡುವುದರಿಂದ ಈ ಕಡಿತ.

ಇದಕ್ಕಿಂತ ಒಳ್ಳೆಯದು ವಿ-ನಾಚ್. ದಪ್ಪ ತಗಡಿನಲ್ಲಿ 90 ಡಿಗ್ರಿಯ ವಿ ಆಕಾರ ಕೊಯ್ದು, ಹಳ್ಳಕ್ಕೆ ಅಡ್ಡ ನಿಲ್ಲಿಸುವುದು. ತಗಡಿನಿಂದ ಒಂದು ಮೀಟರ್ ಮೇಲ್ಗಡೆ ಅಳತೆ ಕೋಲು ನೆಟ್ಟು, ವಿ ಆಕಾರದ ಕೆಳ ತುದಿಗಿಂತ ನೀರು ಎಷ್ಟು ಎತ್ತರ ನಿಂತಿದೆ ನೋಡಬೇಕು. 5 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 0.8 ಲೀಟರ್, 7.5 ಇದ್ದರೆ 2 ಲೀಟರ್‌ಗೆ ಸ್ವಲ್ಪ ಮೇಲೆ, 10.5 ಇದ್ದರೆ 5 ಲೀಟರ್ ಹತ್ತಿರ. ಮಳೆಗಾಲದ ನೆರೆಗೆ ತಗಡು ಕೊಚ್ಚಿಕೊಂಡು ಹೋಗುತ್ತದೆ. ಹಾಗಾಗಿ ನವೆಂಬರ್‌ನಲ್ಲಿ ಇಟ್ಟು ಮೇ ಕೊನೆಗೆ ತೆಗೆದುಬಿಡಿ. ಇಡುವ ಮುಂಚೆ ಪಂಚಾಯಿತಿಗೂ ಕೆಳಗಿನ ತೋಟದವರಿಗೂ ಒಂದು ಮಾತು ಹೇಳಿ. ಹೇಳದೆ ಇಟ್ಟರೆ ನೀರು ತಡೆಯುತ್ತಿದ್ದಾರೆ ಎಂದು ಜಗಳವಾಗುತ್ತದೆ.

ಈ ನೆಪದಲ್ಲಿ ಹಳ್ಳದ ಗುಂಟ ಅರ್ಧ ಕಿಲೋಮೀಟರ್ ಕೆಳಗೆ ನಡೆದು ಹೋಗಿ. ಬಟ್ಟೆ ಒಗೆಯುವ ಕಲ್ಲು ಎಲ್ಲಿದೆ, ದನ ಎಲ್ಲಿ ನೀರು ಕುಡಿಯುತ್ತದೆ, ಯಾರ ಪಂಪ್‌ಸೆಟ್ ಎಲ್ಲಿದೆ, ಕಟ್ಟ ಎಲ್ಲಿ ಹಾಕುತ್ತಾರೆ, ಎಲ್ಲ ಬರೆದುಕೊಳ್ಳಿ. ಕಟ್ಟದ ವಿಷಯ ಮುಖ್ಯ. ಹರಿಯುವ ನೀರು ತನ್ನನ್ನು ತಾನೇ ಸ್ವಲ್ಪ ತೊಳೆದುಕೊಳ್ಳುತ್ತದೆ. ಕಟ್ಟದ ಹಿಂದೆ ನಿಂತ ನೀರಿಗೆ ಆ ಶಕ್ತಿ ಕಡಿಮೆ.

ಈಗ ಶಾಲೆಯ ಲೆಕ್ಕ

ಹಾಸ್ಟೆಲಿಗೆ ತಲೆಗೆ ದಿನಕ್ಕೆ 135 ಲೀಟರ್, ಮನೆಗೆ ಹೋಗುವ ಮಕ್ಕಳಿಗೆ 45 ಲೀಟರ್ ನೀರು ಎನ್ನುವುದು ಭಾರತೀಯ ಮಾನಕದ ಅಂದಾಜು. ಬಳಸಿದ್ದರಲ್ಲಿ ಶೇ. 80ರಷ್ಟು ಕೊಳಚೆಯಾಗಿ ಬರುತ್ತದೆ ಎಂದು ಹಿಡಿಯುತ್ತಾರೆ. ನಮ್ಮಲ್ಲಿ ಇದ್ದವರು 400 ಜನ. ಬಳಕೆ 54,000 ಲೀಟರ್, ಕೊಳಚೆ 43,200 ಲೀಟರ್. ಇಡೀ ದಿನಕ್ಕೆ ಹಂಚಿದರೆ ಸೆಕೆಂಡಿಗೆ ಸರಿಯಾಗಿ ಅರ್ಧ ಲೀಟರ್.

ಆದರೆ ಹಾಸ್ಟೆಲಿನ ನೀರು ಇಡೀ ದಿನ ಹಂಚಿ ಬರುವುದಿಲ್ಲ, ಅಲ್ವಾ? ಬೆಳಿಗ್ಗೆ 5ರಿಂದ 7ರ ಒಳಗೆ 400 ಜನರ ಸ್ನಾನ, ಶೌಚ, ಬಟ್ಟೆ ಎಲ್ಲ ಮುಗಿಯಬೇಕು. ದಿನದ ಅರ್ಧ ನೀರು ಆ ಎರಡು ಗಂಟೆಯಲ್ಲೇ ಬಂದರೆ ಸೆಕೆಂಡಿಗೆ 3 ಲೀಟರ್. ಬೇಸಿಗೆಯ ಹಳ್ಳದಲ್ಲಿ ಇರುವುದೇ 2 ಲೀಟರ್! ಈ ನೂಕುನುಗ್ಗಲನ್ನು ಎಸ್‌ಟಿಪಿಯ ಮೊದಲ ತೊಟ್ಟಿ, ಅಂದರೆ ಈಕ್ವಲೈಸೇಶನ್ ಟ್ಯಾಂಕ್ ತಡೆಯಬೇಕು. ಅದು ಚಿಕ್ಕದಿದ್ದರೆ ಮುಂದಿನದು ಯಾವುದೂ ಸರಿ ಹೋಗುವುದಿಲ್ಲ. ನಿಮ್ಮದು ಎಸ್‌ಬಿಆರ್ (ಒಂದೇ ತೊಟ್ಟಿಯಲ್ಲಿ ಕಂತು ಕಂತಾಗಿ ಸಂಸ್ಕರಿಸುವ) ಮಾದರಿಯಾದರೆ ಇನ್ನೊಂದು ತೊಂದರೆ ಇದೆ. ಅದು ಸಂಸ್ಕರಿಸಿದ ನೀರನ್ನೂ ಒಂದೇ ಸಲಕ್ಕೆ ಹೊರಗೆ ಹಾಕುತ್ತದೆ. ಆ ನೀರು ಹಿಡಿಯಲು ಕೊನೆಯಲ್ಲೂ ಒಂದು ತೊಟ್ಟಿ ಬೇಕೇ ಬೇಕು.

ಎರಡನ್ನೂ ಸೇರಿಸಿ ನೋಡಿ

ಬಿಒಡಿ ಅಂದರೆ ನೀರಲ್ಲಿರುವ ಕೊಳೆಯನ್ನು ತಿನ್ನುವಾಗ ಬ್ಯಾಕ್ಟೀರಿಯಾಗಳು ಎಷ್ಟು ಆಮ್ಲಜನಕ ಕಬಳಿಸುತ್ತವೆ ಎಂಬ ಅಳತೆ. ನಮ್ಮ ದೇಶದಲ್ಲಿ 27 ಡಿಗ್ರಿಯಲ್ಲಿ 3 ದಿನ ಇಟ್ಟು ನೋಡುತ್ತಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದ ಪ್ರಕಾರ ಸ್ನಾನಕ್ಕೆ ಯೋಗ್ಯವಾದ ಹೊಳೆಯಲ್ಲಿ ಬಿಒಡಿ ಲೀಟರಿಗೆ 3 ಮಿ.ಗ್ರಾಂ. ದಾಟಬಾರದು, ಕರಗಿದ ಆಮ್ಲಜನಕ 5ಕ್ಕಿಂತ ಕಡಿಮೆ ಇರಬಾರದು.

ಲೆಕ್ಕ ಏಳನೇ ಕ್ಲಾಸಿನದು. ಹಳ್ಳದ ಹರಿವು ಗುಣಿಸು ಹಳ್ಳದ ಬಿಒಡಿ, ಅದಕ್ಕೆ ನಮ್ಮ ಹರಿವು ಗುಣಿಸು ನಮ್ಮ ಬಿಒಡಿ ಕೂಡಿಸಿ, ಒಟ್ಟು ಹರಿವಿನಿಂದ ಭಾಗಿಸುವುದು. ಮೇಲಿನ ಹಳ್ಳ ಸ್ವಚ್ಛವಾಗಿದ್ದು ಅದರ ಬಿಒಡಿ 1 ಅಂತ ಇಟ್ಟುಕೊಳ್ಳಿ.

ಮಳೆಗಾಲ, ಹಳ್ಳದಲ್ಲಿ 100 ಲೀಟರ್ ಹರಿವು, ನಮ್ಮ ಅರ್ಧ ಲೀಟರ್ ನೀರಿನ ಬಿಒಡಿ 30. ಸೇರಿದ ಮೇಲೆ 1.1. ಹಳ್ಳಕ್ಕೆ ಗೊತ್ತೇ ಆಗುವುದಿಲ್ಲ. ಅದೇ ನೀರು ಮಾರ್ಚ್‌ನ 2 ಲೀಟರ್ ಹರಿವಿಗೆ ಸೇರಿದರೆ 6.8. ಸ್ನಾನದ ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ. ನಮ್ಮ ನೀರನ್ನು 10ಕ್ಕೆ ಇಳಿಸಿದರೆ 2.8, ಕಷ್ಟಪಟ್ಟು ಪಾಸು. ಅದರಲ್ಲೂ ಅರ್ಧ ನೀರನ್ನು ತಡೆದು ಬೇರೆ ಕಡೆ ಬಳಸಿದರೆ 2.

ಅದೇ ಯಂತ್ರ, ಅದೇ ಲ್ಯಾಬು, ಅದೇ "ಪಾಸು". ಜುಲೈನಲ್ಲಿ ನಡೆಯುವುದು ಮಾರ್ಚ್‌ನಲ್ಲಿ ನಡೆಯುವುದಿಲ್ಲ. ಈ ಲೆಕ್ಕವನ್ನು ನಾನು ಮೊದಲೇ ಕಪ್ಪು ಹಲಗೆಯ ಮೇಲೆ ಮಾಡಿಸಿದ್ದರೆ ಆ ಹಿರಿಯರು ಗೇಟಿನ ತನಕ ಬರಬೇಕಾಗಿರಲಿಲ್ಲ.

ಕಾಗದ ಪತ್ರ

1974ರ ಜಲ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಕೊಳಚೆಯನ್ನು ಹಳ್ಳಕ್ಕಾಗಲಿ, ಬಾವಿಗಾಗಲಿ, ನೆಲಕ್ಕಾಗಲಿ ಬಿಡುವ ವ್ಯವಸ್ಥೆ ಮಾಡುವ ಮುಂಚೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಕಟ್ಟುವ ಮುಂಚೆ ಒಂದು, ಚಾಲೂ ಮಾಡುವ ಮುಂಚೆ ಇನ್ನೊಂದು. "ನಮ್ಮದು ಫ್ಯಾಕ್ಟರಿ ಅಲ್ಲ, ಶಾಲೆ" ಎಂಬ ಮಾತು ನಡೆಯುವುದಿಲ್ಲ. "ಇದು ಹೊಳೆಯಲ್ಲ, ಬೇಸಿಗೆಯಲ್ಲಿ ಒಣಗುವ ಹಳ್ಳ" ಎನ್ನುವುದೂ ನಡೆಯುವುದಿಲ್ಲ. ಸದ್ಯಕ್ಕೆ ಒಣಗಿರುವ ನೀರಿನ ದಾರಿಯನ್ನೂ ಕಾಯ್ದೆ ಹೊಳೆ ಎಂದೇ ಕರೆಯುತ್ತದೆ.

ಅಂಕಿಗಳ ವಿಷಯ. 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಎಸ್‌ಟಿಪಿ ಮಾನದಂಡದಲ್ಲಿ ಮಹಾನಗರಗಳ ಹೊರಗೆ ಬಿಒಡಿ 30, ತೇಲುವ ಕಣ 100, ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿ.ಲೀ.ಗೆ 1,000 ಎಂಬ ಮಿತಿ ಇದೆ. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದಕ್ಕಿಂತ ಬಿಗಿಯಾದ ಮಿತಿ ಬೇಕು ಎಂದು ಹೇಳಿತು. ನಿಮ್ಮ ಮಟ್ಟಿಗೆ ನಿಮ್ಮ ಅನುಮತಿ ಪತ್ರದಲ್ಲಿ ಏನು ಬರೆದಿದೆಯೋ ಅದೇ ಕೊನೆಯ ಮಾತು. ಆ ಪತ್ರ ಆಫೀಸಿನ ಬೀರುವಿನಲ್ಲಿ ಇದ್ದರೆ ಸಾಲದು. ಒಂದು ಜೆರಾಕ್ಸ್ ಪಂಪ್ ರೂಮಿನಲ್ಲೂ ಇರಲಿ. ವಾಲ್ವ್ ತಿರುಗಿಸುವ ಮನುಷ್ಯನಿಗೆ ಗೊತ್ತಿಲ್ಲದ ಷರತ್ತಿನಿಂದ ಏನು ಉಪಯೋಗ?

ಅಮೋನಿಯಾ: ನಾವು ಎಡವಿದ್ದು ಇಲ್ಲೇ

ಶಾಲೆಯ ಕೊಳಚೆ ಮನೆಯ ಕೊಳಚೆಯ ಹಾಗಲ್ಲ. ಮೂತ್ರದ ಪಾಲು ಜಾಸ್ತಿ, ಹಾಗಾಗಿ ಅಮೋನಿಯಾ ಜಾಸ್ತಿ. ಒಳನಾಡಿನ ನೀರಿಗೆ ಬಿಡುವಾಗ ಅಮೋನಿಯಾ ಸಾರಜನಕಕ್ಕೆ ಇರುವ ಸಾಮಾನ್ಯ ಮಿತಿ ಲೀಟರಿಗೆ 50 ಮಿ.ಗ್ರಾಂ. ಸಣ್ಣ ಹಳ್ಳಕ್ಕೆ ಇದು ತುಂಬಾ ಸಡಿಲ. ಹೇಗೆ ಅಂತ ನೋಡಿ. ನಮ್ಮ ನೀರಲ್ಲಿ 25 ಇದೆ ಅಂದುಕೊಳ್ಳಿ. ಹಳ್ಳದ 2 ಲೀಟರಿಗೆ ನಮ್ಮ ಅರ್ಧ ಲೀಟರ್ ಸೇರಿದಾಗ 5 ಆಗುತ್ತದೆ. ಹಳ್ಳದ ಬ್ಯಾಕ್ಟೀರಿಯಾಗಳು ಒಂದು ಮಿ.ಗ್ರಾಂ. ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಮಿ.ಗ್ರಾಂ. ಆಮ್ಲಜನಕ ಬಳಸುತ್ತವೆ. ಅಂದರೆ ಲೀಟರಿಗೆ 23 ಮಿ.ಗ್ರಾಂ. ಬೇಡಿಕೆ. 25 ಡಿಗ್ರಿಯ ನೀರಲ್ಲಿ ಕರಗಿರಬಲ್ಲ ಆಮ್ಲಜನಕವೇ 8ರ ಆಸುಪಾಸು! ಹರಿಯುತ್ತಾ ಗಾಳಿಯಿಂದ ಸ್ವಲ್ಪ ಸೇರಿಕೊಳ್ಳುತ್ತದೆ, ನಿಜ. ಕಟ್ಟದ ಹಿಂದೆ ನಿಂತಾಗ ಅದೂ ಇಲ್ಲ. ಮೂರು ದಿನದ ಬಿಒಡಿ ಪರೀಕ್ಷೆಯಲ್ಲಿ ಈ ಬೇಡಿಕೆ ಪೂರ್ತಿ ಕಾಣಿಸುವುದೂ ಇಲ್ಲ. ನಮ್ಮ ರಿಪೋರ್ಟ್ ಪಾಸಾಗಿ ಹಳ್ಳ ಕಪ್ಪಾದದ್ದು ಹೀಗೆ.

ಮಾಡಬೇಕಾದ್ದು: ಲ್ಯಾಬಿಗೆ ಕೊಡುವಾಗ ಅಮೋನಿಯಾವನ್ನೂ ನೋಡಿ ಎಂದು ಕೇಳಿ. ಎಸ್‌ಟಿಪಿಯಲ್ಲೇ ಅದು ನೈಟ್ರೇಟ್ ಆಗಬೇಕಾದರೆ ಗಾಳಿ ತೊಟ್ಟಿಯಲ್ಲಿ, ಅಂದರೆ ಬ್ಲೋವರ್ ಗಾಳಿ ಊದುವ ತೊಟ್ಟಿಯಲ್ಲಿ, ಆಮ್ಲಜನಕ ಲೀಟರಿಗೆ 2 ಮಿ.ಗ್ರಾಂ. ಹತ್ತಿರ ಇರಬೇಕು, ಸ್ಲಡ್ಜನ್ನು, ಅಂದರೆ ಬ್ಯಾಕ್ಟೀರಿಯಾ ತುಂಬಿದ ಕೆಸರನ್ನು, ತೀರಾ ಬೇಗ ಹೊರಗೆ ಹಾಕಬಾರದು. ಮಲೆನಾಡಿನವರಿಗೆ ಇನ್ನೊಂದು ಮಾತು. ನಮ್ಮ ನೀರು ಮೆದು, ಕ್ಷಾರ ಕಡಿಮೆ. ಒಂದು ಮಿ.ಗ್ರಾಂ. ಅಮೋನಿಯಾ ಸಾರಜನಕ ಬದಲಾಗಲು ಸುಮಾರು 7 ಮಿ.ಗ್ರಾಂ. ಕ್ಷಾರ ಖರ್ಚಾಗುತ್ತದೆ. ಅದು ಮುಗಿದರೆ ಪಿಎಚ್ ಇಳಿಯುತ್ತದೆ, ಕೆಲಸ ನಿಲ್ಲುತ್ತದೆ. ನಾವು ಆರು ತಿಂಗಳು ಬ್ಲೋವರ್‌ನವನನ್ನು ಸುಮ್ನೆ ಬೈದೆವು. ಬೇಕಾಗಿದ್ದದ್ದು ಸೋಡಾ ಪುಡಿ, ಅಂದರೆ ಸೋಡಿಯಂ ಬೈಕಾರ್ಬೊನೇಟ್. ಪಿಎಚ್ 7ಕ್ಕಿಂತ ಕೆಳಗೆ ಜಾರುತ್ತಿದ್ದರೆ ಮೊದಲು ಇದನ್ನು ನೋಡಿ.

ವಾಲ್ವನ್ನು ಹಳ್ಳ ಹೇಳಿದ ಹಾಗೆ ತಿರುಗಿಸಿ

ಮೂರು ದಿನದ ನೀರು ಹಿಡಿಯುವ ತೊಟ್ಟಿ ಕಟ್ಟಿಸಿ. ನಮ್ಮ ಲೆಕ್ಕಕ್ಕೆ 1,30,000 ಲೀಟರ್, ಅಂದರೆ 10 ಮೀಟರ್ ಉದ್ದ, 6.5 ಮೀಟರ್ ಅಗಲ, 2 ಮೀಟರ್ ಆಳ. ಆಡಳಿತ ಮಂಡಳಿ ದುಡ್ಡಿಗೆ ಗೊಣಗುತ್ತದೆ, ಗೊಣಗಲಿ. ಈ ತೊಟ್ಟಿ ಇಲ್ಲದಿದ್ದರೆ ನಿಯಂತ್ರಣ ಎಂಬ ಮಾತೇ ಇಲ್ಲ. ಬಂದ ನೀರು ಬಂದ ಹಾಗೇ ಹೋಗುತ್ತದೆ. ತೊಟ್ಟಿಯಿಂದ ಹೊರಗೆ ಹೋಗುವ ಪೈಪಿಗೆ ಒಂದು ವಾಲ್ವ್, ಒಂದು ಫ್ಲೋ ಮೀಟರ್.

ನಾವು ಇಟ್ಟುಕೊಂಡ ನಿಯಮ ಇದು. ಕಾನೂನಲ್ಲ, ನಮ್ಮ ಹಳ್ಳಕ್ಕೆ ನಾವೇ ಮಾಡಿಕೊಂಡದ್ದು. ಹಳ್ಳದ ಹರಿವು ನಮ್ಮ ನೀರಿನ 10 ಪಟ್ಟಿಗಿಂತ ಜಾಸ್ತಿ ಇದ್ದರೆ ವಾಲ್ವ್ ಪೂರ್ತಿ ತೆರೆಯುವುದು. 4ರಿಂದ 10 ಪಟ್ಟು ಇದ್ದರೆ ಅರ್ಧ. 4 ಪಟ್ಟಿಗಿಂತ ಕಡಿಮೆಯಾದರೆ ಬಂದ್. ಇದನ್ನು ಕಾಗದದಲ್ಲಿ ಬರೆದು ಕೊಟ್ಟಾಗ ನಮ್ಮ ಆಪರೇಟರ್ ತಲೆ ಕೆರೆದುಕೊಂಡ. ಆಮೇಲೆ ವಿ-ನಾಚ್‌ನ ಅಳತೆ ಕೋಲಿಗೇ ಬಣ್ಣ ಬಳಿದೆವು. 7.5 ಸೆಂ.ಮೀ. ತನಕ ಕೆಂಪು, ಅಲ್ಲಿಂದ 10.5ರ ತನಕ ಹಳದಿ, ಅದರ ಮೇಲೆ ಹಸಿರು. ಬೆಳಿಗ್ಗೆ ಕೋಲು ನೋಡಿ ಬಂದು ವಾಲ್ವ್ ತಿರುಗಿಸುತ್ತಾನೆ, ಅಷ್ಟೇ. ನಿಮ್ಮ ಶಾಲೆಯ ನೀರು ಬೇರೆ ಪ್ರಮಾಣದಲ್ಲಿದ್ದರೆ ಬಣ್ಣದ ಗೆರೆಗಳೂ ಬೇರೆ ಆಗುತ್ತವೆ, ಲೆಕ್ಕ ಹಾಕಿಕೊಳ್ಳಿ.

ಬಂದ್ ಮಾಡಿದ ನೀರು ಎಲ್ಲಿ ಹೋಗಬೇಕು? ಫ್ಲಶ್‌ಗೆ ತಲೆಗೆ 45 ಲೀಟರ್ ಹಿಡಿದರೆ 400 ಜನಕ್ಕೆ 18,000 ಲೀಟರ್. ಇದಕ್ಕೆ ಬೇರೆ ಪೈಪ್‌ಲೈನ್ ಬೇಕು, ಕುಡಿಯುವ ನೀರಿನ ಲೈನಿಗೆ ಎಲ್ಲೂ ಸೇರದ ಹಾಗೆ ಬೇರೆ ಬಣ್ಣದ್ದು. ಉಳಿದದ್ದು 25,200 ಲೀಟರ್. ಬೇಸಿಗೆಯಲ್ಲಿ ಒಂದು ಚದರ ಮೀಟರ್ ನೆಲ ದಿನಕ್ಕೆ 5 ಲೀಟರ್ ಹೀರಿ ಆವಿ ಮಾಡುತ್ತದೆ ಅಂದರೆ ಸುಮಾರು ಒಂದೂಕಾಲು ಎಕರೆ ಮರಗಿಡ ಸಾಕು. ಡ್ರಿಪ್ ಮೂಲಕ ಬುಡಕ್ಕೆ ಬಿಡಿ. ಸ್ಪ್ರಿಂಕ್ಲರ್ ಬೇಡ, ಹನಿ ಗಾಳಿಯಲ್ಲಿ ಹಾರುತ್ತದೆ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆಕಾಯಿಗೆ ಬೇಡವೇ ಬೇಡ. ಈ ಬಳಕೆಯನ್ನೂ ಅನುಮತಿ ಅರ್ಜಿಯಲ್ಲೇ ಬರೆದುಬಿಡಿ.

ಹಳ್ಳಕ್ಕೆ ಬೀಳುವ ಜಾಗವನ್ನು ಮುಚ್ಚಿಡಬೇಡಿ. ಎಲ್ಲರಿಗೂ ಕಾಣಬೇಕು. ಕಲ್ಲಿನ ಮೆಟ್ಟಿಲ ಮೇಲೆ ಇಳಿದು ಹೋದರೆ ನೀರಿಗೆ ಗಾಳಿಯೂ ಸೇರುತ್ತದೆ, ದಂಡೆಯೂ ಕೊರೆಯುವುದಿಲ್ಲ.

ಕ್ಲೋರಿನ್ ಎಂಬ ಇನ್ನೊಂದು ವಿಷ

ರೋಗಾಣು ಸಾಯಲಿ ಅಂತ ಕೈ ಬಿಚ್ಚಿ ಬ್ಲೀಚಿಂಗ್ ಪೌಡರ್ ಸುರಿಯುವವರಿದ್ದಾರೆ. ಉಳಿದ ಕ್ಲೋರಿನ್‌ಗೆ ನಮ್ಮಲ್ಲಿ ಲೀಟರಿಗೆ 1 ಮಿ.ಗ್ರಾಂ. ಮಿತಿ. ಅಮೆರಿಕದ ಪರಿಸರ ಸಂಸ್ಥೆ ಸಿಹಿನೀರಿನ ಜೀವಿಗಳಿಗೆ ಹಾಕಿರುವ ದೀರ್ಘಕಾಲದ ಮಿತಿ 0.011 ಮಿ.ಗ್ರಾಂ. ಎಷ್ಟು ವ್ಯತ್ಯಾಸ ನೋಡಿ. ಆಗುವುದಾದರೆ ಯುವಿ ದೀಪ ಹಾಕಿಸಿ. ಅದಕ್ಕೂ ಮುಂಚೆ ನೀರು ತಿಳಿಯಾಗಿ ಸೋಸಿರಬೇಕು, ಇಲ್ಲದಿದ್ದರೆ ಬೆಳಕು ಒಳಗೆ ಹೋಗುವುದಿಲ್ಲ. ಕ್ಲೋರಿನ್ನೇ ಗತಿ ಅಂದರೆ ತೊಟ್ಟಿಯಲ್ಲಿ ಇಟ್ಟು, ಉಳಿದದ್ದನ್ನು ಅಳೆದು, ಇಳಿದ ಮೇಲೆ ಬಿಡಿ.

ಶೌಚಾಲಯ ತೊಳೆಯುವ ಆಸಿಡ್, ಫಿನಾಯಿಲ್ ಕೂಡ ಹೀಗೇ. ಅವು ಎಸ್‌ಟಿಪಿಯ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತವೆ. ತಪಾಸಣೆಯ ಹಿಂದಿನ ದಿನ ಇಡೀ ಹಾಸ್ಟೆಲ್ ಘಮ್ಮೆನ್ನುವ ಹಾಗೆ ತೊಳೆಸಿ, ತಪಾಸಣೆಯ ದಿನ ಎಸ್‌ಟಿಪಿ ಕೆಡಿಸಿಕೊಂಡದ್ದು ನಮ್ಮಲ್ಲೂ ಆಗಿದೆ. ಅಡುಗೆ ಮನೆಯ ಎಣ್ಣೆ, ಜಿಡ್ಡು ಹಿಡಿಯುವ ಗ್ರೀಸ್ ಟ್ರ್ಯಾಪನ್ನು ವಾರಕ್ಕೊಮ್ಮೆ ಶುಚಿ ಮಾಡಿಸಿ. ಕೆಮಿಸ್ಟ್ರಿ ಲ್ಯಾಬಿನ ನೀರನ್ನು ಬೇರೆ ಕ್ಯಾನಿನಲ್ಲಿ ಹಿಡಿಯಿರಿ.

ರಜೆ, ಜೂನ್, ಮಳೆ

ಹಳ್ಳ ಬತ್ತುವ ಏಪ್ರಿಲ್-ಮೇನಲ್ಲೇ ಮಕ್ಕಳು ಊರಿಗೆ ಹೋಗುವುದು ನಮ್ಮ ಪುಣ್ಯ. ಆದರೆ ತಿನ್ನಲು ಏನೂ ಇಲ್ಲದೆ ಬ್ಯಾಕ್ಟೀರಿಯಾಗಳೂ ಸೊರಗುತ್ತವೆ. ಜೂನ್ ಮೊದಲ ವಾರ 400 ಜನ ಒಟ್ಟಿಗೆ ಬಂದರೆ ಯಂತ್ರ ತಡೆದುಕೊಳ್ಳುವುದಿಲ್ಲ. ಶಾಲೆ ಶುರುವಾಗುವ ಎರಡು-ಮೂರು ವಾರ ಮುಂಚೆಯೇ ಬ್ಲೋವರ್ ಹಾಕಿ, ಚೆನ್ನಾಗಿ ನಡೆಯುವ ಬೇರೆ ಎಸ್‌ಟಿಪಿಯಿಂದ ಒಂದು ಟ್ಯಾಂಕರ್ ಜೀವಂತ ಸ್ಲಡ್ಜ್ ತಂದು ಹಾಕಿ. ಮಳೆ ತಡವಾದ ವರ್ಷ ಇದು ಅತಿ ಅಪಾಯದ ವಾರ. ಹಳ್ಳದಲ್ಲಿ ನೀರಿಲ್ಲ, ಎಸ್‌ಟಿಪಿಗೆ ಶಕ್ತಿಯಿಲ್ಲ, ಮಕ್ಕಳು ಬಂದಾಗಿದೆ.

ಮಳೆ ಹಿಡಿದ ಮೇಲೆ ಚಾವಣಿಯ ನೀರು ಚರಂಡಿ ಮೂಲಕ ಎಸ್‌ಟಿಪಿಗೆ ನುಗ್ಗದ ಹಾಗೆ ನೋಡಿಕೊಳ್ಳಿ. ನುಗ್ಗಿದರೆ ಸ್ಲಡ್ಜೆಲ್ಲ ತೊಳೆದುಹೋಗುತ್ತದೆ. ಕರೆಂಟ್ ಎರಡು-ಮೂರು ದಿನ ಹೋಗುವ ಊರಾದರೆ ಜನರೇಟರಿಗೆ ಬ್ಲೋವರ್ ಲೈನನ್ನೂ ಸೇರಿಸಿ. ನಮ್ಮಲ್ಲಿ ಅದು ಆಫೀಸಿನ ಕಂಪ್ಯೂಟರಿಗೆ ಮಾತ್ರ ಇತ್ತು.

ದಿನದ ಪುಸ್ತಕ

ದಿನಾ ಬರೆಯಬೇಕಾದ್ದು ಐದೇ: ಕೋಲಿನ ಬಣ್ಣ, ಫ್ಲೋ ಮೀಟರ್, ಬ್ಲೋವರಿನ ಕರೆಂಟ್ ಮೀಟರ್, ಪಿಎಚ್, ಅರ್ಧ ಗಂಟೆಯ ಸ್ಲಡ್ಜ್ ಪರೀಕ್ಷೆ. ಕೊನೆಯದಕ್ಕೆ ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರಿನ ಅಳತೆ ಜಾಡಿಯಲ್ಲಿ ತುಂಬಿ 30 ನಿಮಿಷ ಬಿಡುವುದು. ಸ್ಲಡ್ಜ್ 200ರಿಂದ 400 ಮಿ.ಲೀ.ಗೆ ಇಳಿದು, ಮೇಲಿನ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಕರೆಂಟ್ ಮೀಟರ್ ಯಾಕೆ ಅಂದರೆ, ರಾತ್ರಿ ಸದ್ದು ಜಾಸ್ತಿ ಅಂತ ಬ್ಲೋವರ್ ಆರಿಸಿಬಿಡುವುದು ಎಲ್ಲ ಹಾಸ್ಟೆಲಿನಲ್ಲೂ ಇರುವ ರೂಢಿ. ಮೀಟರ್ ಸುಳ್ಳು ಹೇಳುವುದಿಲ್ಲ.

ತಿಂಗಳಿಗೊಮ್ಮೆ ಮೂರು ಬಾಟಲಿ ಲ್ಯಾಬಿಗೆ ಕಳಿಸಿ: ಪೈಪಿನ ಮೇಲ್ಗಡೆ ಹಳ್ಳದ್ದು, ಪೈಪಿನ ಬಾಯಿಯದು, ಕೆಳಗೆ ನೀರು ಬೆರೆತ ಜಾಗದ್ದು. ಐಸ್ ಪೆಟ್ಟಿಗೆಯಲ್ಲಿ ಇಟ್ಟು ಅದೇ ದಿನ ಮುಟ್ಟಿಸಿ. ಹಳ್ಳದ ಕರಗಿದ ಆಮ್ಲಜನಕವನ್ನು ಮೀಟರಿನಲ್ಲಿ ನೋಡುವುದಾದರೆ ಬೆಳಕು ಹರಿಯುವ ಮುಂಚೆ ನೋಡಿ, ಆಗಲೇ ಅದು ಅತಿ ಕಡಿಮೆ ಇರುವುದು. ಮಕ್ಕಳಿಗೂ ಒಂದು ಕೆಲಸ ಕೊಡಬಹುದು. ಪೈಪಿನ ಮೇಲ್ಗಡೆಯ ಕಲ್ಲು ಎತ್ತಿ ಅಡಿಯಲ್ಲಿ ಯಾವ ಹುಳುಗಳಿವೆ ನೋಡಲಿ. ಕೆಳಗಿನ ಭಾಗವನ್ನು ಕೈಗವಸು ಹಾಕಿದ ಮೇಷ್ಟ್ರು ನೋಡಲಿ. ಮೇಲೆ ಹತ್ತು ತರಹ ಇದ್ದು, ಕೆಳಗೆ ಬರೀ ಕೆಂಪು ದಾರದಂಥ ಹುಳು ಇದ್ದರೆ ಲ್ಯಾಬಿಗೆ ಕಾಯಬೇಕಾಗಿಲ್ಲ.

ಸ್ಲಡ್ಜ್ ತೆಗೆಯಲು ಅಥವಾ ತೊಟ್ಟಿ ತೊಳೆಯಲು ಯಾರನ್ನೂ ಒಳಗೆ ಇಳಿಸಬೇಡಿ. ಐದು ನಿಮಿಷಕ್ಕೂ ಬೇಡ. ಒಳಗಿನ ಗಾಳಿ ಜೀವ ತೆಗೆಯುತ್ತದೆ. ಸುರಕ್ಷಾ ಸಾಧನ ಕೊಡದೆ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಜನರನ್ನು ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಅಪರಾಧ ಎನ್ನುತ್ತದೆ. ಸಕ್ಕಿಂಗ್ ಯಂತ್ರ ಕರೆಸಿ.

ಕೈ ಕೊಟ್ಟ ದಿನ

ಬ್ಲೋವರ್ ಸುಟ್ಟುಹೋಗಿದೆ, ನೀರು ಕಪ್ಪಗೆ ಬರುತ್ತಿದೆ. ಮೊದಲು ಹಳ್ಳದ ವಾಲ್ವ್ ಬಂದ್. ಮೂರು ದಿನದ ತೊಟ್ಟಿ ಕಟ್ಟಿಸಿದ್ದು ಈ ದಿನಕ್ಕೂ ಸೇರಿಯೇ. ಬಟ್ಟೆ ಒಗೆಯುವುದನ್ನು ನಿಲ್ಲಿಸಿದರೆ ಇನ್ನೂ ಸ್ವಲ್ಪ ಸಮಯ ಸಿಗುತ್ತದೆ. ತೊಟ್ಟಿ ತುಂಬುವ ಮುಂಚೆ ಟ್ಯಾಂಕರ್ ಹೇಳಿ. ಅಷ್ಟರಲ್ಲಿ ಕೆಟ್ಟ ನೀರು ಹಳ್ಳಕ್ಕೆ ಹೋಗಿಬಿಟ್ಟಿದ್ದರೆ ಮುಚ್ಚಿಡಬೇಡಿ. ಜಲ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೂಡಲೇ ತಿಳಿಸಬೇಕು.

ನಮ್ಮ ಪಂಪ್ ರೂಮಿನ ಗೋಡೆಯ ಮೇಲೆ ನಾಲ್ಕು ನಂಬರ್ ಪೇಂಟಲ್ಲಿ ಬರೆಸಿದ್ದೇವೆ. ಬ್ಲೋವರ್ ರಿಪೇರಿಯವರದು, ಟ್ಯಾಂಕರ್‌ನವರದು, ಮಂಡಳಿಯ ಕಚೇರಿಯದು. ಇವೆಲ್ಲದರ ಮೇಲೆ, ದೊಡ್ಡ ಅಕ್ಷರದಲ್ಲಿ, ಕೆಳಗಿನ ತೋಟದ ಆ ಹಿರಿಯರದು. ಅವರು ಪಂಪ್‌ಸೆಟ್ ಹಾಕುವುದು ಬೆಳಿಗ್ಗೆ ಆರಕ್ಕೆ. ಫೋನ್ ಅದಕ್ಕಿಂತ ಮುಂಚೆ ಹೋಗಬೇಕು.